ಆಡುವ ವಾಚ್ ಕೊಳ್ಳುವ ಮುನ್ನ ಪರದೆ ನೋಡಿ: ಹಳೆಯ ಗೇಮ್ ವಾಚ್‌ಗಳಿಗೊಂದು ಕೈಪಿಡಿ

ಬೆಳಗಾವಿಯಲ್ಲಿ ಹಳೆಯ ಗೇಮ್ ವಾಚ್, ಅಂದರೆ ಪರದೆಯ ಮೇಲೆ ವಿಡಿಯೋ ಗೇಮ್ ಆಡಬಹುದಾದ ಕೈಗಡಿಯಾರ, ಹಿಡಿದು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಮಾನ್ಯವಾಗಿ ಒಂದೇ ಉತ್ತರ ಸಿಗುತ್ತದೆ. “ಇದು ಆಗಂಗಿಲ್ರೀ, ಹೊಸಾದು ತಗೋರಿ.” ಅಷ್ಟಕ್ಕೇ ವಾಪಸ್ ಬರಬೇಡಿ. ಪರದೆ ಸತ್ತಿದ್ದರೆ ಅವರು ಹೇಳಿದ್ದು ನಿಜ. ಪರದೆ ಬದುಕಿದ್ದರೆ ಮಾತ್ರ ಕಥೆ ಬೇರೆ. ಸೆಲ್ಲು, ಬಟನ್ನು, ಬೆಲ್ಟು, ತುಕ್ಕು ಇವೆಲ್ಲ ಮನೆಯಲ್ಲೋ ಮೊಬೈಲ್ ರಿಪೇರಿಯವರ ಹತ್ತಿರವೋ ಸರಿಹೋಗುವಂಥವು. ಆದ್ದರಿಂದ ವಾಚ್ ಎಷ್ಟು ಹಳೆಯದು, ಡಬ್ಬಿ ಇದೆಯಾ, ಯಾವ ದೇಶದ್ದು ಅನ್ನುವುದನ್ನೆಲ್ಲ ಆಮೇಲೆ ಕೇಳಿ. ಮೊದಲು ಪರದೆ ನೋಡಿ.

ಈ ಲೇಖನ ಯಾರಿಗೆ ಅಂದರೆ, ಮನೆಯ ಟ್ರಂಕಿನಲ್ಲಿ ಅಪ್ಪನದೋ ಕಾಕಾನದೋ ಹಳೆಯ ಮಾರಿಯೋ ವಾಚ್ ಸಿಕ್ಕವರಿಗೆ. ಆನ್‌ಲೈನ್‌ನಲ್ಲಿ ಪ್ಯಾಕ್‌ಮ್ಯಾನ್ ವಾಚ್ ನೋಡಿ ಬೆರಳು ತುರಿಸುತ್ತಿರುವವರಿಗೆ. ಮಗನ ಹುಟ್ಟುಹಬ್ಬಕ್ಕೆ ಆಟದ ವಾಚ್ ಕೊಡಿಸಬೇಕು ಅಂದುಕೊಂಡವರಿಗೂ ಸೈ.

ನಿಮ್ಮ ಕೈಯಲ್ಲಿರುವುದು ಯಾವ ಜಾತಿ

ಆಟದ ಹೆಸರು ಮೇಲೆ ಬರೆದಿದೆ ಅಂದ ಮಾತ್ರಕ್ಕೆ ಒಳಗೆ ಆಟ ಇರುತ್ತದೆ ಅಂತ ಏನಿಲ್ಲ. ಹೆಚ್ಚು ಜನ ಮೋಸ ಹೋಗುವುದು ಇಲ್ಲೇ.

ಮೊದಲನೆಯದು, ಹಕ್ಕುದಾರರಿಂದ ಅನುಮತಿ ಪಡೆದು ಮಾಡಿದ, ನಿಜವಾಗಿ ಆಡಬಹುದಾದ ವಾಚ್. ಇದರಲ್ಲಿ ದೊಡ್ಡ ಹೆಸರು ನೆಲ್ಸಾನಿಕ್. ನ್ಯೂಯಾರ್ಕ್‌ನ ಕಂಪನಿ. ಪ್ಯಾಕ್‌ಮ್ಯಾನ್ ಆಟ ಜಪಾನಿನ ನ್ಯಾಮ್ಕೊ ಕಂಪನಿಯದು, 1980ರಲ್ಲಿ ಬಂತು. ಆ ಆಟಕ್ಕೆ ಅನುಮತಿ ಪಡೆದು ನೆಲ್ಸಾನಿಕ್ 1982ರಲ್ಲಿ ಪ್ಯಾಕ್‌ಮ್ಯಾನ್ ವಾಚ್ ಮಾಡಿತು. ಒಂದು ಬಗೆಯಲ್ಲಿ ನಾಲ್ಕು ಬಟನ್, ಇನ್ನೊಂದರಲ್ಲಿ ಪುಟಾಣಿ ಜಾಯ್‌ಸ್ಟಿಕ್. ಆಮೇಲೆ ಫ್ರಾಗರ್, ಕ್ಯೂಬರ್ಟ್, ಡಾಂಕಿ ಕಾಂಗ್ ಬಂದವು. 1989ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಮತ್ತು ಜೆಲ್ಡಾ. 1990ರ ದಶಕದಲ್ಲಿ ಟೆಟ್ರಿಸ್ ಕೂಡ ಮಣಿಕಟ್ಟಿಗೆ ಬಂತು. ಸ್ಟಾರ್ ಫಾಕ್ಸ್ ವಾಚ್ ಅಂತೂ 1993ರಲ್ಲಿ ಅಮೆರಿಕದಲ್ಲಿ ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಜೊತೆಗಿನ ಕೊಡುಗೆಯಾಗಿತ್ತು. ಡಬ್ಬಿ ಕೊಂಡವರು ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು.

ಎರಡನೆಯದು, ಕಂಪನಿಯ ಸ್ವಂತ ಆಟ ಇರುವ ವಾಚ್. 1980ರ ದಶಕದ ಕ್ಯಾಸಿಯೋ ಗೇಮ್ ವಾಚ್‌ಗಳು ಈ ಗುಂಪು. ಕ್ಯಾಸಿಯೋದ ಒಂದು ಕ್ಯಾಲ್ಕ್ಯುಲೇಟರ್ ವಾಚ್‌ನಲ್ಲಿ ಬರೀ ಅಂಕಿಗಳೇ ಆಟ. ಬಲಗಡೆಯಿಂದ ಅಂಕಿಗಳು ನುಗ್ಗಿ ಬರುತ್ತವೆ. ನೀವು ಅದೇ ಅಂಕಿಯನ್ನು ತಂದು ಹೊಡೆದು ಉರುಳಿಸಬೇಕು. ಚಿತ್ರ ಇಲ್ಲ, ಬಣ್ಣ ಇಲ್ಲ. ಆದರೂ ಹಿಡಿದರೆ ಬಿಡಲು ಮನಸ್ಸು ಬರಲ್ಲ. ನನ್ನನ್ನು ಕೇಳಿದರೆ ಮಾರಿಯೋ ವಾಚ್‌ಗಿಂತ ಇದೇ ಚೆನ್ನಾಗಿದೆ. ಇಷ್ಟು ಸಣ್ಣ ಪರದೆಗೆ ಅಂತಲೇ ಯೋಚಿಸಿ ಮಾಡಿದ ಆಟ ಇದು. ಟಿವಿಯ ಆಟವನ್ನು ಹಿಂಡಿ ತುರುಕಿದ್ದಲ್ಲ.

ಮೂರನೆಯದು, ಅನುಮತಿ ಇದೆ, ಆದರೆ ಆಟ ಇಲ್ಲ. 2021ರಲ್ಲಿ ಬಂದ ಕ್ಯಾಸಿಯೋ ಪ್ಯಾಕ್‌ಮ್ಯಾನ್ ವಾಚ್ ನೋಡಲು ಬಲು ಚೆಂದ. ಡಯಲ್ ಸುತ್ತ ದೆವ್ವಗಳಿವೆ, ಚುಕ್ಕಿಗಳಿವೆ. ಆಡಲು ಬರಲ್ಲ. ಅದೇ ಕಂಪನಿಯ 2022ರ ಸೂಪರ್ ಮಾರಿಯೋ ಜಿ-ಶಾಕ್ ವಾಚ್ ಕೂಡ ಅಷ್ಟೇ, ಚಿತ್ರ ಮಾತ್ರ. ಇವು ಒರಿಜಿನಲ್ ಮಾಲು, ಗಟ್ಟಿಮುಟ್ಟು ವಾಚು. ಆಟ ಬೇಕು ಅಂತ ಕೊಂಡರೆ ಮಾತ್ರ ನಿರಾಸೆ.

ನಾಲ್ಕನೆಯದು ನಮಗೆಲ್ಲ ಗೊತ್ತಿರುವ ಡೂಪ್ಲಿಕೇಟ್. ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲೋ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ಬ್ರಿಕ್ ಗೇಮ್ ಕೊಡಿಸು ಅಂತ ಅತ್ತವರು ನಮ್ಮ ವಯಸ್ಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಡಬ್ಬಿ ಮೇಲೆ 9999 ಆಟ ಅಂತ ಬರೆದಿರುತ್ತಿತ್ತು. ಒಳಗೆ ಇದ್ದದ್ದು ಟೆಟ್ರಿಸ್ ತರಹದ ಒಂದಷ್ಟು ಆಟಗಳೇ, ವೇಗ ಮಾತ್ರ ಬೇರೆ ಬೇರೆ. ಅಂಥವೇ ಮಣಿಕಟ್ಟಿನ ರೂಪದಲ್ಲೂ ಬಂದಿವೆ. ಆಡಲು ಮಜಾ ಇದೆ, ಬೈಯುವುದಿಲ್ಲ. ಆದರೆ ಒರಿಜಿನಲ್ ಬೆಲೆ ಕೊಟ್ಟು ಇದನ್ನು ತರಬಾರದು.

ಗುರುತು ಹಿಡಿಯುವುದು ಹೇಗೆ? ಡಯಲ್ ಮೇಲೆ, ಹಿಂಬದಿ ಮುಚ್ಚಳದ ಮೇಲೆ, ಡಬ್ಬಿಯ ಮೇಲೆ ಹಕ್ಕಿನ ಸಾಲು ಹುಡುಕಿ. ವೃತ್ತದೊಳಗೆ ಸಿ ಅಕ್ಷರ, ಪಕ್ಕದಲ್ಲಿ ಇಸವಿ, ಆಟದ ಒಡೆಯರ ಹೆಸರು. ಮಾರಿಯೋ ಆದರೆ ನಿಂಟೆಂಡೊ ಹೆಸರು ಇರಲೇಬೇಕು. ಮಾರಿಯೋನ ಚಿತ್ರ ದೊಡ್ಡದಾಗಿದೆ, ನಿಂಟೆಂಡೊ ಹೆಸರು ಎಲ್ಲೂ ಇಲ್ಲ ಅಂದರೆ ಅದು ಗೋತ್ರ ಗೊತ್ತಿಲ್ಲದ ಮಾಲು. ಹೆಸರಿನ ಅಕ್ಷರ ತಪ್ಪಿದ್ದರೆ ಹೇಳುವುದೇ ಬೇಡ. ಇಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ನಿಂಟೆಂಡೊದ ಗೇಮ್ ಅಂಡ್ ವಾಚ್ ಅನ್ನುವುದು 1980ರಲ್ಲಿ ಶುರುವಾದ ಕಿಸೆಯಲ್ಲಿ ಇಡುವ ಆಟ, ಕೈಗೆ ಕಟ್ಟುವುದಲ್ಲ. ಹೆಸರಿನಲ್ಲಿ ವಾಚ್ ಇರುವುದು ಅದರಲ್ಲಿ ಗಡಿಯಾರವೂ ಇದ್ದುದಕ್ಕೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಎರಡೂ ಕಲಸಿ ಬರುತ್ತವೆ. ಕೊಳ್ಳುವ ಮೊದಲು ಬೆಲ್ಟ್ ಇರುವ ಫೋಟೋ ನೋಡಿಕೊಳ್ಳಿ.

ಎಲ್ಲಿ ಹುಡುಕುವುದು

ಖಡೇಬಜಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿ ಸುತ್ತಿದರೆ ವಾಚ್ ಅಂಗಡಿಗೆ ಬರ ಇಲ್ಲ. ಆದರೆ ಹಳೆಯ ಒರಿಜಿನಲ್ ಗೇಮ್ ವಾಚ್ ಅಂಗಡಿಯ ಗಾಜಿನ ಹಿಂದೆ ಕಾಣುತ್ತದೆ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ. ಇವು ನಮ್ಮ ಕಡೆಗೆ ಬಂದದ್ದೇ ವಿದೇಶದಿಂದ ಯಾರಾದರೂ ತಂದಾಗ. ದುಬೈಗೆ ಹೋಗಿದ್ದ ಮಾವ, ಹಡಗಿನಲ್ಲಿ ಕೆಲಸ ಮಾಡಿದ ಪಕ್ಕದ ಮನೆಯವರು, ಇಂಥವರ ಕಪಾಟಿನಲ್ಲಿ ಇರುವ ಸಾಧ್ಯತೆ ಅಂಗಡಿಗಿಂತ ಜಾಸ್ತಿ. ಮೊದಲು ಬಂಧುಬಳಗದಲ್ಲಿ ಕೇಳಿ. ದುಡ್ಡೂ ಉಳಿಯುತ್ತದೆ.

ರಿಪೇರಿ ಅಂಗಡಿಯಲ್ಲೂ ಒಂದು ಮಾತು ಕೇಳಿ ನೋಡಿ. ಕೊಟ್ಟವರು ವಾಪಸ್ ಒಯ್ಯದ ವಾಚ್‌ಗಳ ಡಬ್ಬಿ ಅವರ ಮೇಜಿನ ಕೆಳಗೆ ಇರುತ್ತದೆ. “ಅಣ್ಣಾರ, ಹಳೇ ಡಿಜಿಟಲ್ ವಾಚು, ಆಟ ಬರೂವಂಥಾದ್ದು ಐತೇನ್ರೀ?” ಅಂತ ಕೇಳಿದರೆ ಕೆಲವರು ಆ ಡಬ್ಬಿಯನ್ನೇ ಮುಂದೆ ಸುರಿಯುತ್ತಾರೆ. ಅದರಲ್ಲಿ ಗೇಮ್ ವಾಚ್ ಸಿಗದಿದ್ದರೂ ಬೆಲ್ಟ್, ಪಿನ್, ಸ್ಕ್ರೂ ಸಿಗುತ್ತವೆ. ಅವೂ ಬೇಕಾಗುತ್ತವೆ.

ವಿದೇಶದ ಮಾರಾಟಗಾರರಿಂದ ತರಿಸುವುದಾದರೆ ಮೂರು ವಿಷಯ ಮೊದಲೇ ಮಾತಾಡಿ. ವಾಚ್‌ನ ಬೆಲೆ, ಅಂಚೆ ಖರ್ಚು, ಇಲ್ಲಿ ಬೀಳುವ ಕಸ್ಟಮ್ಸ್ ಸುಂಕ, ಎಲ್ಲ ಕೂಡಿಸಿ ನೋಡಿ. ಹಲವು ಸಲ ವಾಚ್‌ಗಿಂತ ದಾರಿ ಖರ್ಚೇ ಹೆಚ್ಚು. ಕಳಿಸುವಾಗ ಸೆಲ್ ತೆಗೆದು ಕಳಿಸಲು ಹೇಳಿ. ದಾರಿಯಲ್ಲಿ ಸೋರಿದರೆ ಅಷ್ಟು ದೂರದಿಂದ ತರಿಸಿದ್ದು ದಂಡ. ಆದರೆ ತೆಗೆಯುವ ಮೊದಲು ವಾಚ್ ಆಡುತ್ತಿರುವ ವಿಡಿಯೋ ಕಳಿಸಲೇಬೇಕು ಅನ್ನಿ. ‘ಟೆಸ್ಟ್ ಮಾಡಿಲ್ಲ, ಸೆಲ್ ಹಾಕಿದರೆ ನಡೆಯಬಹುದು’ ಅಂದರೆ ಅದಕ್ಕೆ ಕೆಟ್ಟ ವಾಚ್‌ನ ಬೆಲೆ ಕೊಡಿ, ಒಂದು ರೂಪಾಯಿ ಜಾಸ್ತಿ ಬೇಡ. ಸೆಲ್ ಹಾಕಿ ನೋಡಲು ಅವರಿಗೂ ಎರಡು ನಿಮಿಷ ಸಾಕಾಗಿತ್ತು, ಅಲ್ವಾ?

ಪರದೆ ಪರೀಕ್ಷೆ

ಇಲ್ಲಿ ಸ್ವಲ್ಪ ನಿಧಾನ ಓದಿ. ಈ ಪರದೆ ಮೊಬೈಲ್ ಪರದೆಯಂತಲ್ಲ. ಗಣೇಶ ಹಬ್ಬದಲ್ಲಿ ಬೆಳಗಾವಿಯ ಗಲ್ಲಿಗಳಲ್ಲಿ ಬಲ್ಬಿನ ಚಿತ್ರ ಕಟ್ಟುತ್ತಾರಲ್ಲ, ಚಕ್ರ ತಿರುಗಿದಂತೆ, ನವಿಲು ಗರಿ ಬಿಚ್ಚಿದಂತೆ ಕಾಣುವುದು, ಅದರ ಹಾಗೆ. ನವಿಲಿನ ಪ್ರತಿ ಭಂಗಿಯೂ ಅಲ್ಲಿ ಮೊದಲೇ ಇರುತ್ತದೆ. ಒಂದಾದ ಮೇಲೆ ಒಂದು ಹತ್ತಿ ಆರುತ್ತದೆ, ನಮಗೆ ಓಡಿದಂತೆ ಕಾಣುತ್ತದೆ. ಗೇಮ್ ವಾಚ್‌ನಲ್ಲೂ ಪ್ಯಾಕ್‌ಮ್ಯಾನ್ ನಿಲ್ಲಬಹುದಾದ ಪ್ರತಿ ಜಾಗದಲ್ಲಿ ಅವನ ಆಕಾರ ಮೊದಲೇ ಅಚ್ಚಾಗಿದೆ. ಚಿಪ್ ಒಂದೊಂದನ್ನೇ ಕಪ್ಪು ಮಾಡುತ್ತದೆ, ಬಿಡುತ್ತದೆ. ಗೋಡೆ, ದಾರಿ, ಬಣ್ಣ ಎಲ್ಲ ಸುಮ್ನೆ ಮುದ್ರಿಸಿದ್ದು.

ಹಾಗಾಗಿಯೇ ಈ ಪರದೆಗೆ ಬದಲಿ ಸಿಗುವುದಿಲ್ಲ. ಮಾರಿಯೋ ವಾಚ್‌ನ ಪರದೆ ಮಾರಿಯೋ ವಾಚ್‌ಗೆ ಮಾತ್ರ. ಟೆಟ್ರಿಸ್ ವಾಚ್‌ನಿಂದ ತೆಗೆದು ಇದಕ್ಕೆ ಹಾಕಲು ಬರಲ್ಲ. ಪರದೆ ಹೋಯಿತು ಅಂದರೆ ಅದೇ ಮಾದರಿಯ ಇನ್ನೊಂದು ವಾಚ್ ಕೊಂಡು ಬಿಚ್ಚಬೇಕು. ಆಗ ಆ ಎರಡನೆಯದನ್ನೇ ಇಟ್ಟುಕೊಳ್ಳಬಹುದಲ್ಲ!

ಕೈಗೆ ವಾಚ್ ಸಿಕ್ಕಾಗ ಹೀಗೆ ಮಾಡಿ. ಒಳ್ಳೆಯ ಸೆಲ್ ಹಾಕಿ. ಹಲವು ವಾಚ್‌ಗಳಲ್ಲಿ ಸೆಲ್ ಕೂತ ಕ್ಷಣ, ಇಲ್ಲವೇ ರಿಸೆಟ್ ಒತ್ತಿದಾಗ, ಪರದೆಯ ಎಲ್ಲ ಆಕಾರಗಳೂ ಒಟ್ಟಿಗೆ ಕಾಣುತ್ತವೆ. ಎಲ್ಲ ಮಾರಿಯೋಗಳು, ಎಲ್ಲ ಶತ್ರುಗಳು, 88:88 ಅನ್ನುವ ಅಂಕಿಗಳು. ಆ ಕ್ಷಣವನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಕಣ್ಣು ತಪ್ಪಿಸಿದ್ದನ್ನು ನಿಲ್ಲಿಸಿ ನೋಡಬಹುದು. ನಿಮ್ಮದರಲ್ಲಿ ಹಾಗೆ ಬರದಿದ್ದರೆ ಆಟ ಆಡಿ, ಪಾತ್ರವನ್ನು ಮೂಲೆ ಮೂಲೆಗೂ ಓಡಿಸಿ ನೋಡಿ.

ಈಗ ಲಕ್ಷಣ ನೋಡಿ ರೋಗ ಹೇಳೋಣ.

ಪರದೆ ಪೂರ್ತಿ ಮಂಕು, ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತದೆ: ಸೆಲ್ ಸೋತಿದೆ. ಹೊಸದು ಹಾಕಿ. ದೊಡ್ಡ ಚಿಂತೆ ಅಲ್ಲ.

ಕೆಲವು ಆಕಾರಗಳು ಇಲ್ಲ, ಗಾಜನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬಂದು ಹೋಗುತ್ತವೆ: ಪರದೆಗೂ ಬೋರ್ಡಿಗೂ ನಡುವಿನ ಸಂಪರ್ಕ ಸಡಿಲ. ಸರಿ ಮಾಡಬಹುದು. ಈ ದೋಷದ ವಾಚ್ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ.

ಪರದೆ ಹಳದಿ ಇಲ್ಲವೇ ನೇರಳೆ ಬಣ್ಣಕ್ಕೆ ತಿರುಗಿದೆ, ಮೇಲೆ ಗುಳ್ಳೆ ಎದ್ದಿದೆ: ಗಾಜಿಗೆ ಅಂಟಿಸಿರುವ, ಬೆಳಕು ಸೋಸುವ ಪೋಲರೈಸರ್ ಹಾಳೆ ಕೆಟ್ಟಿದೆ. ಈ ಹಾಳೆ ಬಿಡಿಯಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಳೆಯದನ್ನು ಕಿತ್ತು ಹೊಸದು ಹಾಕುವುದು ತಾಳ್ಮೆಯ ಕೆಲಸ, ಆದರೆ ಆಗುವ ಕೆಲಸ. ಹಾಳೆಯನ್ನು ಒಂದು ಕಾಲು ಸುತ್ತು ತಿರುಗಿಸಿ ಹಾಕಿದರೆ ಕಪ್ಪು ಬಿಳುಪು ಅದಲುಬದಲಾಗುತ್ತದೆ. ಕೆಲವರು ಅದನ್ನೇ ಚೆಂದ ಅಂತ ಹಾಗೇ ಬಿಡುತ್ತಾರೆ.

ಬಿಸಿಲಲ್ಲಿ ಇಟ್ಟಿದ್ದ ವಾಚ್ ಪೂರ್ತಿ ಕಪ್ಪಾಗಿದೆ: ಗಾಬರಿ ಬೇಡ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಗಿಲು ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇನ್ನೂ ಜಾಸ್ತಿ. ಆ ಶಾಖಕ್ಕೆ ಪರದೆಯೊಳಗಿನ ದ್ರವ ತನ್ನ ಗುಣ ಕಳೆದುಕೊಂಡು ಕಪ್ಪಾಗುತ್ತದೆ. ನೆರಳಿಗೆ ತಂದು ಬಿಟ್ಟರೆ ಮತ್ತೆ ತಿಳಿಯಾಗುತ್ತದೆ. ಫ್ರಿಜ್ಜಿಗೆ ಇಡುವ ಬುದ್ಧಿವಂತಿಕೆ ಬೇಡ, ಒಳಗೆ ತೇವ ಕಟ್ಟುತ್ತದೆ.

ಮೂಲೆಯಿಂದ ಕಪ್ಪು ಕಲೆ ಹರಡಿದೆ, ತಂಪಾದರೂ ಹೋಗುತ್ತಿಲ್ಲ: ಗಾಜು ಒಡೆದು ದ್ರವ ಕೆಟ್ಟಿದೆ. ಇದಕ್ಕೆ ಮದ್ದಿಲ್ಲ. ಬೆಲೆ ಎಷ್ಟೇ ಕಡಿಮೆ ಹೇಳಲಿ, ಕೈ ಮುಗಿದು ಬನ್ನಿ.

ಈ ಪರದೆಗೆ ಸ್ವಂತ ಬೆಳಕಿಲ್ಲ ಅನ್ನುವುದೂ ನೆನಪಿರಲಿ. ಕತ್ತಲೆ ಅಂಗಡಿಯಲ್ಲಿ ಪರೀಕ್ಷೆ ಮಾಡಬೇಡಿ. ಹೊರಗೆ ಕಟ್ಟೆಗೆ ತಂದು ನೋಡಿ.

ಸೆಲ್ ಹಾಕುವುದು

ಬೇಕಾದ ಸಾಮಾನು: ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಚಿಮಟ, ಬಿಳಿ ಬಟ್ಟೆ, ಒಂದು ತಟ್ಟೆ. ಮೇಜಿನ ಮೇಲೆ ಬಟ್ಟೆ ಹಾಸಿ, ತಟ್ಟೆ ಅದರ ಮೇಲಿಡಿ. ಉದುರಿದ ಸ್ಕ್ರೂ ಬಿಳಿ ಬಟ್ಟೆಯ ಮೇಲೆ ಕಾಣುತ್ತದೆ. ಮೊಸಾಯಿಕ್ ನೆಲದ ಮೇಲೆ ಬಿದ್ದರೆ ಮುಗಿಯಿತು.

ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಮುಚ್ಚಳ ಎತ್ತುವಾಗ ವಾಚ್ ಬೋರಲಾಗಿಯೇ ಇರಲಿ. ಯಾಕೆಂದರೆ ಬೀಪ್ ಶಬ್ದ ಮಾಡುವ ಬಿಲ್ಲೆ ಬಹಳ ವಾಚ್‌ಗಳಲ್ಲಿ ಮುಚ್ಚಳಕ್ಕೇ ಅಂಟಿರುತ್ತದೆ. ಅದಕ್ಕೆ ಬೋರ್ಡಿನಿಂದ ಕರೆಂಟ್ ಒಯ್ಯುವುದು ಒಂದು ಸಾಸಿವೆ ಗಾತ್ರದ ಸ್ಪ್ರಿಂಗ್. ವಾಚ್ ತಿರುವಿದರೆ ಅದು ಹಾರಿ ಹೋಗುತ್ತದೆ. ಆಮೇಲೆ ಆಟ ಬರುತ್ತದೆ, ಶಬ್ದ ಬರಲ್ಲ. ‘ರಿಪೇರಿಗೆ ಕೊಟ್ಟಮೇಲೆ ಶಬ್ದ ಹೋಯಿತು’ ಅನ್ನುವ ದೂರಿನ ಹಿಂದೆ ಬಹುಪಾಲು ಇದೇ ಸ್ಪ್ರಿಂಗ್ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಒಂದು ಫೋಟೋ ತೆಗೆದುಕೊಳ್ಳಿ.

ಈಗ ಸೆಲ್ ನಂಬರ್. ನಮ್ಮ ಅಂಗಡಿಗಳಲ್ಲಿ ಸಾದಾ ಮುಳ್ಳಿನ ವಾಚ್‌ಗೆ 626 ಅನ್ನುವ ಸಣ್ಣ ಸೆಲ್ ಹಾಕಿ ಹಾಕಿ ಕೈ ರೂಢಿಯಾಗಿರುತ್ತದೆ. ಗೇಮ್ ವಾಚ್‌ಗೆ ಅದು ಆಗದು. ಹಳೆಯ ಸೆಲ್ ಮೇಲಿನ ನಂಬರ್ ಓದಿ. ಇಲ್ಲದಿದ್ದರೆ ಮುಚ್ಚಳದ ಒಳಬದಿ ನೋಡಿ.

ಎಲ್‌ಆರ್ ಎಂದು ಶುರುವಾದರೆ 1.5 ವೋಲ್ಟಿನ ಆಲ್ಕಲೈನ್. ಎಸ್‌ಆರ್ ಅಂದರೆ ಸಿಲ್ವರ್ ಆಕ್ಸೈಡ್, 1.55 ವೋಲ್ಟ್. ಸಿಆರ್ ಅಂದರೆ ಲಿಥಿಯಂ, 3 ವೋಲ್ಟ್. ಎಲ್‌ಆರ್44, ಎಜಿ13 ಎರಡೂ ಒಂದೇ ಅಳತೆ, 11.6 ಮಿ.ಮೀ. ಅಗಲ, 5.4 ಮಿ.ಮೀ. ದಪ್ಪ. ಎಲ್‌ಆರ್41, ಎಜಿ3 ಇನ್ನೂ ಸಣ್ಣದು, 7.9 ಮಿ.ಮೀ. ಅಗಲ, 3.6 ಮಿ.ಮೀ. ದಪ್ಪ. ಸಿಆರ್ ಸೆಲ್‌ನ ನಂಬರಿನಲ್ಲೇ ಅಳತೆ ಅಡಗಿದೆ. ಸಿಆರ್2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2016 ಅಂದರೆ ಅದೇ ಅಗಲ, ದಪ್ಪ ಅರ್ಧ.

ಎಲ್‌ಆರ್ ಜಾಗಕ್ಕೆ ಅದೇ ಅಳತೆಯ ಎಸ್‌ಆರ್ ಹಾಕಬಹುದು. ಹಾಕಿದರೆ ಒಳ್ಳೆಯದೇ. ಬೆಲೆ ಜಾಸ್ತಿ, ಆದರೆ ಕೊನೆಯವರೆಗೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಸೋರುವುದೂ ಕಡಿಮೆ. ಎಲ್‌ಆರ್ ಸೆಲ್‌ನ ಬಲ ದಿನದಿಂದ ದಿನಕ್ಕೆ ಇಳಿಯುತ್ತದೆ, ಪರದೆಯೂ ಅದರ ಜೊತೆಗೆ ಮಸುಕಾಗುತ್ತದೆ. ಆದರೆ ಎಲ್‌ಆರ್ ಜಾಗಕ್ಕೆ ಸಿಆರ್ ಮಾತ್ರ ಎಂದಿಗೂ ಬೇಡ. ಅಂಗಡಿಯವರು ‘ಕೂಡ್ತೈತ್ರೀ’ ಅಂದರೂ ಬೇಡ. ಕೂಡುತ್ತದೆ ನಿಜ, ವೋಲ್ಟೇಜ್ ಎರಡು ಪಟ್ಟು ಆಗುತ್ತದೆ. ಚಿಪ್ ಸುಟ್ಟರೆ ಅದಕ್ಕೂ ಬದಲಿ ಇಲ್ಲ. ಎರಡು ಸೆಲ್ ಹಾಕುವ ವಾಚ್ ಆದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಸೆಲ್ ಅನ್ನು ಲೋಹದ ಚಿಮಟದಿಂದ ಎರಡೂ ಮುಖ ಹಿಡಿಯಬೇಡಿ, ಶಾರ್ಟ್ ಆಗುತ್ತದೆ. ಹಾಕಿದ ಮೇಲೂ ಪರದೆ ಖಾಲಿ ಇದ್ದರೆ, ಇಲ್ಲವೇ ಏನೇನೋ ಗೆರೆ ತೋರಿಸಿದರೆ, ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಕ್ಯಾಸಿಯೋ ವಾಚ್‌ಗಳ ಒಳಗೆ ಎಸಿ ಅಂತ ಬರೆದ ಒಂದು ಚುಕ್ಕೆ ಇರುತ್ತದೆ. ಆ ಚುಕ್ಕೆಯನ್ನೂ ಸೆಲ್‌ನ ಮೇಲ್ಮೈಯನ್ನೂ ಲೋಹದ ಚಿಮಟದಿಂದ ಒಂದೆರಡು ಸೆಕೆಂಡ್ ಸೇರಿಸಿ ಹಿಡಿದರೆ ಚಿಪ್ ಮೊದಲಿನಿಂದ ಶುರುವಾಗುತ್ತದೆ. ಲೋಹದ ಚಿಮಟಕ್ಕೆ ಇಲ್ಲಿ ಮಾತ್ರ ಕೆಲಸ. ಬೇರೆ ಕಂಪನಿಯ ವಾಚ್‌ಗಳಲ್ಲಿ ಸೆಲ್ ತೆಗೆದು ಕೆಲ ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ.

ಹಸಿರು ತುಕ್ಕು ಕಂಡರೆ

ವರ್ಷಗಟ್ಟಲೆ ಸೆಲ್ ಸಮೇತ ಬಿದ್ದಿದ್ದ ವಾಚ್ ತೆರೆದರೆ ಬಿಳಿ ಪುಡಿ, ಹಸಿರು ಕಲೆ ಕಾಣುವುದು ಸಹಜ. ಆಲ್ಕಲೈನ್ ಸೆಲ್ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಗೆ ಬಂದು ತಾಮ್ರವನ್ನು ತಿಂದಿರುತ್ತದೆ. ಅದು ಕ್ಷಾರ. ಕ್ಷಾರಕ್ಕೆ ಹುಳಿಯೇ ಮದ್ದು. ಬಿಳಿ ವಿನೆಗರ್ ಇಲ್ಲವೇ ನಿಂಬೆರಸದಲ್ಲಿ ಹತ್ತಿಕಡ್ಡಿಯ ತುದಿ ಅದ್ದಿ, ಹಿಂಡಿ, ತುಕ್ಕಿನ ಮೇಲೆ ಮಾತ್ರ ಸವರಿ. ಸುರಿಯಬೇಡಿ. ನೊರೆ ಬರುವುದು ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇನ್ನೊಂದು ಕಡ್ಡಿಯಿಂದ ಒರೆಸಿ. ಹುಳಿಯನ್ನು ಅಲ್ಲೇ ಬಿಟ್ಟರೆ ಅದೂ ಲೋಹ ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆಯೇ ಸೆಲ್ ಹಾಕಿ. ಕೈಗೆ ಗ್ಲೌಸ್ ಇರಲಿ, ಆ ಪುಡಿ ಕಣ್ಣಿಗೆ ಹೋಗಬಾರದು. ಆಲ್ಕೋಹಾಲ್ ಬಾಟಲಿ ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಬೇಡ.

ಪರದೆಯ ಆಕಾರ ಬಂದು ಹೋಗುವ ದೋಷ ಇದ್ದರೆ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಪರದೆಯ ಗಾಜಿಗೂ ಬೋರ್ಡಿಗೂ ನಡುವೆ ಒಂದು ಸಣ್ಣ ರಬ್ಬರ್ ಪಟ್ಟಿ ಇರುತ್ತದೆ. ಅದರಲ್ಲಿ ಕರೆಂಟ್ ಹರಿಯುವ ಗೆರೆ, ಹರಿಯದ ಗೆರೆ ಒಂದು ಬಿಟ್ಟು ಒಂದು ಇರುವುದರಿಂದ ಜೀಬ್ರಾ ಪಟ್ಟಿ ಅನ್ನುತ್ತಾರೆ. ಇದನ್ನು ಚಿಮಟದಿಂದ ಮೆಲ್ಲಗೆ ಎತ್ತಿ, ಆಲ್ಕೋಹಾಲ್‌ನಿಂದ ಒರೆಸಿ. ಅದು ಕೂರುವ ಗಾಜಿನ ಅಂಚು, ಬೋರ್ಡಿನ ಗೆರೆಗಳನ್ನೂ ಒರೆಸಿ ಮತ್ತೆ ನೆಟ್ಟಗೆ ಕೂರಿಸಿ. ಬೆರಳು ತಾಕಿಸಬೇಡಿ, ಬೆರಳ ಎಣ್ಣೆಯೇ ಮತ್ತೆ ತೊಂದರೆ ಕೊಡುತ್ತದೆ. ರಬ್ಬರ್ ಬದಲು ಕಂದು ಬಣ್ಣದ ತೆಳು ಹಾಳೆಯನ್ನು ಗಾಜಿಗೆ ಅಂಟಿಸಿದ್ದರೆ ನೀವು ಕೈ ಹಾಕಬೇಡಿ. ಅದನ್ನು ಬಿಸಿ ಮಾಡಿ ಒತ್ತಿ ಕೂರಿಸಬೇಕು, ಅಭ್ಯಾಸ ಇದ್ದವರೇ ಮಾಡಬೇಕು.

ಬಟನ್ ಒತ್ತಿದರೆ ಕೇಳುತ್ತಿಲ್ಲ ಅಂದರೆ ಅದರಡಿಯ ಕಪ್ಪು ರಬ್ಬರ್ ಗುಂಡಿ ಸವೆದಿರುತ್ತದೆ. ಮೊದಲು ಒರೆಸಿ ನೋಡಿ. ಆಗದಿದ್ದರೆ ಮೆತ್ತಗಿನ ಪೆನ್ಸಿಲ್‌ನ ಸೀಸವನ್ನು ಆ ಗುಂಡಿಗೆ ತಿಕ್ಕಿ. ಸ್ವಲ್ಪ ಕಾಲ ನಡೆಯುತ್ತದೆ, ಶಾಶ್ವತ ಅಲ್ಲ.

ಇದೆಲ್ಲ ನಮ್ಮಿಂದಾಗದು ಅನ್ನುವವರು ಯಾರ ಹತ್ತಿರ ಹೋಗಬೇಕು? ಎಚ್‌ಎಂಟಿ ವಾಚ್ ಬಿಚ್ಚಿ ಜೋಡಿಸಿ ಪಳಗಿದ ಹಿರಿಯರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಗಾಲಿ, ಸ್ಪ್ರಿಂಗು ಇಲ್ಲದ ವಾಚ್ ಕಂಡರೆ ಅವರಲ್ಲಿ ಹಲವರಿಗೆ ಆಸಕ್ತಿ ಹೋಗುತ್ತದೆ. ಗೇಮ್ ವಾಚ್‌ಗೆ ಮೊಬೈಲ್ ರಿಪೇರಿ ಹುಡುಗರೇ ವಾಸಿ. ಸಣ್ಣ ಬೋರ್ಡು, ಸಣ್ಣ ಸ್ಕ್ರೂ ಅವರಿಗೆ ದಿನದ ಕೆಲಸ. ಆಲ್ಕೋಹಾಲ್ ಬಾಟಲಿಯೂ ಭೂತಗನ್ನಡಿಯೂ ಅವರ ಮೇಜಿನ ಮೇಲೇ ಇರುತ್ತವೆ. ‘ಮೂರು ವೋಲ್ಟ್ ಹಾಕಬೇಡಪ್ಪ, ಸ್ಪ್ರಿಂಗ್ ಕಳೀಬೇಡ’ ಅಂತ ಎರಡು ಮಾತು ಹೇಳಿ, ಎದುರಿಗೇ ಕೂತು ಮಾಡಿಸಿಕೊಳ್ಳಿ.

ಆಡುವಾಗ

ಟಿವಿಯಲ್ಲಿ ಮಾರಿಯೋ ಆಡಿದವರು ಇಲ್ಲಿ ಮೊದಲ ದಿನ ಸೋಲುತ್ತಾರೆ. ಇಲ್ಲಿ ಪಾತ್ರ ಜಾರುವುದಿಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ನೆಗೆಯುತ್ತದೆ. ಹಳೆಯ ಪರದೆಯಲ್ಲಿ ಬಿಟ್ಟ ಜಾಗದ ನೆರಳು ಒಂದು ಕ್ಷಣ ಉಳಿಯುತ್ತದೆ. ಕಣ್ಣನ್ನು ಪಾತ್ರದ ಮೇಲೆ ಇಡದೆ ಮುಂದಿನ ಮನೆಯ ಮೇಲೆ ಇಡಿ. ಕೈಗೆ ಕಟ್ಟಿಕೊಂಡು ಆಡುವುದು ಕಷ್ಟ, ಒಂದೇ ಕೈ ಕೆಲಸಕ್ಕೆ ಸಿಗುತ್ತದೆ. ಬಿಚ್ಚಿ ಎರಡೂ ಹೆಬ್ಬೆರಳಿನಿಂದ ಆಡಿ. ಬೆಳಗಾವಿಯಿಂದ ವಿಜಯಪುರದ ಬಸ್ ಹತ್ತಿದರೆ ಹಗಲಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಿರಿ, ಬೆಳಕಿಲ್ಲದೆ ಏನೂ ಕಾಣಲ್ಲ. ಶಬ್ದ ನಿಲ್ಲಿಸುವ ಅನುಕೂಲ ಇದ್ದರೆ ಅದನ್ನು ಮೊದಲು ಕಲಿಯಿರಿ, ಪಕ್ಕದವರ ಶಾಪ ಬೇಡ.

ಪರೀಕ್ಷೆಗೆ ಕಟ್ಟಿಕೊಂಡು ಹೋಗಬೇಡಿ. ನೀಟ್ ಪರೀಕ್ಷೆಯಲ್ಲಂತೂ ಯಾವ ವಾಚನ್ನೂ ಬಿಡುವುದಿಲ್ಲ.

ಮಕ್ಕಳಿಗೆ ಕೊಡಿಸುವುದಾದರೆ

ಹಳೆಯ ಗೇಮ್ ವಾಚ್ ಸಣ್ಣ ಮಕ್ಕಳಿಗಲ್ಲ. ನೇರವಾಗಿಯೇ ಹೇಳಿಬಿಡುತ್ತೇನೆ. ಕಾರಣ ಸೆಲ್. ಸಣ್ಣ ಮಕ್ಕಳು ಸೆಲ್ ನುಂಗಿದರೆ, ಅದರಲ್ಲೂ ಸಿಆರ್2032ನಂಥ 20 ಮಿ.ಮೀ. ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಖಾಲಿಯಾದ ಸೆಲ್‌ನಿಂದಲೂ ಆಗುತ್ತದೆ. ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನ್ ಮಾಡಿ. ಬಾಳೆಹಣ್ಣು ತಿನ್ನಿಸಿ ನಾಳೆ ನೋಡೋಣ ಅನ್ನುವ ಮಾತು ಇಲ್ಲಿ ನಡೆಯಲ್ಲ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲದ, ಉಗುರಿನಿಂದಲೇ ತೆರೆಯಬಹುದಾದ ವಾಚ್ ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಮಕ್ಕಳ ಆಟಿಕೆ ಅಂತಲೇ ಮಾರುವ ಹೊಸ ಮಾಲಾದರೆ ಐಎಸ್‌ಐ ಗುರುತು ಹುಡುಕಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ರವಿವಾರ ಪೇಟೆಯ ಸಗಟು ಅಂಗಡಿ ಆದರೂ ಅಷ್ಟೇ, ಆನ್‌ಲೈನ್ ಆದರೂ ಅಷ್ಟೇ.

ಬಿಲ್ಲು, ದೂರು, ಮಳೆಗಾಲ

ಆನ್‌ಲೈನ್‌ನಲ್ಲಿ ತರಿಸಿದ್ದನ್ನು ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ಒಂದೇ ವಿಡಿಯೋ ಮಾಡಿ. ‘ಆಟ ಬರುತ್ತದೆ’ ಅಂತ ಬರೆದಿದ್ದ ಪುಟದ ಚಿತ್ರ ಉಳಿಸಿಕೊಳ್ಳಿ. ಬಂದದ್ದು ಬರೀ ಚಿತ್ರದ ವಾಚ್ ಆಗಿದ್ದರೆ ಆ ಪುಟವೇ ನಿಮ್ಮ ಸಾಕ್ಷಿ. ಮಾರಿದವರು ಕೇಳದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವರ ಊರಿಗೆ ಅಲೆಯಬೇಕಿಲ್ಲ. ವಿದೇಶದ ಖಾಸಗಿ ಮಾರಾಟಗಾರರ ಮೇಲೆ ಮಾತ್ರ ಈ ದಾರಿ ಅಷ್ಟು ಸಲೀಸಲ್ಲ. ಅಲ್ಲಿ ದುಡ್ಡು ವಾಪಸ್ ಕೊಡಿಸುವ ಭರವಸೆ ಇರುವ ತಾಣದಲ್ಲೇ ಕೊಳ್ಳಿ.

ಕೊನೆಗೆ ಬೆಳಗಾವಿ ಮಳೆ. ಜೂನ್‌ನಿಂದ ಗೋಡೆಯೇ ಬೆವರುವ ಊರಿನಲ್ಲಿ ಹಳೆಯ ವಾಚ್‌ಗೆ ನೀರಿಗಿಂತ ತೇವವೇ ವೈರಿ. ಹಿಂಬದಿಯಲ್ಲಿ ನೀರು ತಡೆಯುತ್ತದೆ ಅಂತ ಬರೆದಿದ್ದರೂ ಇಷ್ಟು ವರ್ಷದ ರಬ್ಬರ್ ವಾಷರ್ ನಂಬಬೇಡಿ. ಆ ನಾಲ್ಕು ತಿಂಗಳು ಆಡುವುದಿಲ್ಲ ಅಂದರೆ ಸೆಲ್ ತೆಗೆಯಿರಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿ ಎರಡು ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾಚ್ ಇಡಿ. ಸೆಲ್ ಬೇರೆ ಕಡೆ, ಮಕ್ಕಳ ಕೈಗೆ ಸಿಗದಲ್ಲಿ. ಸೆಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಅಕ್ಟೋಬರ್‌ನಲ್ಲಿ ಅಂಗಡಿಗೆ ಹೋದಾಗ ಮತ್ತೆ ವಾಚ್ ಬಿಚ್ಚುವ ಕೆಲಸ ತಪ್ಪುತ್ತದೆ.